ಆ ಸಂಜೆ ಒಂದನೆಯ ಹಾಡು ಯಾವುದು

ಅಥವಾ ಅದು ರೇಡಿಯೋದ ವಾಸನೆಯೇ ಆಗಿರಲಿಲ್ಲವೇನೋ. ಬಿಸಿಯಾದ ಧೂಳು, ಮರದ ಪೆಟ್ಟಿಗೆಯ ವಾರ್ನಿಷು, ಎಲ್ಲೋ ಸ್ವಲ್ಪ ಕರಗಿದ ಮೇಣ, ಇವು ಸೇರಿದರೆ ನಮ್ಮ ಮನೆಯ ರೇಡಿಯೋ ಆಗುತ್ತದೆ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಮೊನ್ನೆ ಶಕ್ತಿನಗರದ ಫ್ಲ್ಯಾಟಿನಲ್ಲಿ ಇನ್ವರ್ಟರ್ ಬಿಸಿಯೇರಿ ಅದೇ ವಾಸನೆ ಹಬ್ಬಿತು. ರಿಪೇರಿಯವನಿಗೆ ಫೋನು ಮಾಡಬೇಕಾದವನು ಕುರ್ಚಿ ಬಿಟ್ಟು ಏಳದೆ ಹಂಪನಕಟ್ಟೆಯ ಹಳೆಯ ಮನೆಯ ಮಹಡಿಗೆ ಹೋಗಿ ಕೂತಿದ್ದೆ. ಆದರೆ ಆ ಮಹಡಿಯ ಕೆಳಗೆ ನಮ್ಮದೇ ಹೋಟೆಲಿತ್ತು. ಕಾದ ಎಣ್ಣೆ, ಹುರಿದ ಕಾಫಿ, ಒದ್ದೆ ಕಟ್ಟಿಗೆಯ ಹೊಗೆ ಎಲ್ಲ ಹಲಗೆಯ ಸಂದಿಯಿಂದ ಮೇಲೇರಿ ಬರುತ್ತಿತ್ತು. ಅವುಗಳ ನಡುವಿನಿಂದ ಒಂದು ರೇಡಿಯೋದ ವಾಸನೆಯನ್ನು ಏಳೆಂಟು ವರ್ಷದ ಮಗು ಬೇರೆ ಮಾಡಿ ಎತ್ತಿಟ್ಟುಕೊಂಡಿರಲು ಸಾಧ್ಯವೆ? ಇನ್ನೊಂದನ್ನೂ ಈಗಲೇ ಹೇಳಿಬಿಡಬೇಕು. ಆ ಮನೆಯಲ್ಲಿ ನಾವೆಲ್ಲ ಆಡುತ್ತಿದ್ದದ್ದು ತುಳು. ಇಲ್ಲಿ ಅವರ ಬಾಯಲ್ಲಿ ಕನ್ನಡ ಬರುತ್ತದೆ. ಅಷ್ಟರ ಮಟ್ಟಿಗೆ ನಾನು ಹೇಳುವುದು ಆಗಲೇ ಬೇರೆಯಾಗಿದೆ.

ಮನೆಯ ಯಜಮಾನರು ಮಾಮ, ಅಂದರೆ ಅಮ್ಮನ ಅಣ್ಣ. ಅಕ್ಕತಂಗಿಯರ ಮನೆಯನ್ನು ಅಣ್ಣತಮ್ಮಂದಿರು ನಡೆಸುವುದು ನಮ್ಮವರ ಹಳೆಯ ಪದ್ಧತಿ. ಮಾಮನ ಹೆಂಡತಿ ಮಕ್ಕಳು ಅವರ ತಾಯಿಮನೆಯಲ್ಲಿದ್ದರು, ಮಾಮ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಬರುತ್ತಿದ್ದರು. ಉಳಿದ ದಿನಗಳಲ್ಲಿ ಹಗಲು ಹೋಟೆಲಿನ ಗಲ್ಲೆಯಲ್ಲಿ, ಸಂಜೆ ಮಹಡಿಯಲ್ಲಿ ರೇಡಿಯೋದ ಮುಂದೆ. ಮಹಡಿಯಲ್ಲಿ ಅಮ್ಮ, ಅಕ್ಕ, ನಾನು, ಮತ್ತು ಅಮ್ಮನ ಕಿರಿಯ ತಂಗಿ ಸರೋಜ ಚಿಕ್ಕಮ್ಮ. ಕಿಟಕಿಯಿಂದ ಹಿತ್ತಲ ತೆಂಗಿನ ಮರಕ್ಕೆ ಏರಿಯಲ್ ತಂತಿ ಎಳೆದಿತ್ತು. ಕಾಗೆ ಕೂತರೆ ಸ್ಟೇಷನ್ ತಪ್ಪುತ್ತದೆ ಎಂದು ಮಾಮ ನಂಬಿದ್ದರು. ಮಕ್ಕಳು ರೇಡಿಯೋದ ತಿರುಗಣೆ ಮುಟ್ಟುವ ಹಾಗಿರಲಿಲ್ಲ, ಅಮ್ಮನೂ ಮುಟ್ಟುತ್ತಿರಲಿಲ್ಲ. ಮಾಮನನ್ನು ಬಿಟ್ಟರೆ ಮುಟ್ಟುವ ಅಧಿಕಾರವಿದ್ದದ್ದು ಚಿಕ್ಕಮ್ಮನಿಗೆ ಮಾತ್ರ.

ವಾರಕ್ಕೊಂದು ಸಂಜೆ ವಿಲಾಯಿತಿಯ ಹಾಡುಗಳ ಪಟ್ಟಿ ಬರುತ್ತಿತ್ತು. ಆ ವಾರ ಅಲ್ಲಿನ ಅಂಗಡಿಗಳಲ್ಲಿ ಯಾವ ಹಾಡಿನ ಪ್ಲೇಟು ಹೆಚ್ಚು ಮಾರಿತು ಎಂದು ಕೆಳಗಿನಿಂದ ಮೇಲಕ್ಕೆ ಎಣಿಸುತ್ತ, ನಡುನಡುವೆ ತುಣುಕು ಕೇಳಿಸುತ್ತ, ಕೊನೆಗೆ ಒಂದನೆಯದಕ್ಕೆ ತಲುಪುವುದು. ನಮಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಆದರೆ ನಿಮ್ಮ ಮನೆಯಲ್ಲೂ ಹಾಗೆಯೇ ಏನೋ ಒಂದು ಇದ್ದಿರಬೇಕು, ತಮಗೆ ಸಂಬಂಧವಿಲ್ಲದ ದೂರದ ಗೆಲುವು ಸೋಲಿಗೆ ದೊಡ್ಡವರು ಊಟ ತಡಮಾಡುತ್ತಿದ್ದದ್ದು. ಚಿಕ್ಕಮ್ಮ ಸಿಸ್ಟರುಗಳ ಶಾಲೆಯಲ್ಲಿ ಓದಿ ಟೈಪಿಂಗ್ ಕಲಿತವಳು. ಆ ವೇಗದ ಇಂಗ್ಲಿಷು ಮನೆಯಲ್ಲಿ ತಿಳಿಯುತ್ತಿದ್ದದ್ದು ಅವಳೊಬ್ಬಳಿಗೆ. ಮಾಮನ ಇಂಗ್ಲಿಷು ಹೋಟೆಲು ನೋಡಲು ಬರುವ ಇನ್ಸ್‌ಪೆಕ್ಟರನಿಗೆ ಸಾಕಾಗುವಷ್ಟು. ಅವರು ಪಟ್ಟಿಯನ್ನು ಕಂಬಳದಂತೆ ಕೇಳುತ್ತಿದ್ದರು. ಈ ಕೋಣ ಕಳೆದ ವಾರ ಹಿಂದೆ ಇತ್ತು, ಈಗ ಓಡುತ್ತಾ ಉಂಟು, ಆ ಜೋಡಿಯ ದಮ್ಮು ಮುಗಿಯಿತು ಎಂದೆಲ್ಲ ತೊಡೆ ತಟ್ಟಿ ಹೇಳುತ್ತಿದ್ದರು. ಅವರಿಗೆ ಇಷ್ಟ ಒಬ್ಬರೇ ನಿಂತು ದಪ್ಪ ದನಿಯಲ್ಲಿ ಹಾಡುವವರು. ಚಿಕ್ಕಮ್ಮನಿಗೆ ಗಿಟಾರಿನ ಹುಡುಗರ ತಂಡಗಳು, ಅದರಲ್ಲೂ ಯಾವುದೋ ಬಂದರಿನ ಊರಿಂದ ಬಂದ ನಾಲ್ವರು. ಆಗ ಪಣಂಬೂರಿನಲ್ಲಿ ಹೊಸ ಬಂದರಿಗೆ ಮರಳು ತೋಡುತ್ತಿದ್ದರು. ನಮ್ಮ ಬಂದರೂ ಒಮ್ಮೆ ಆಗಲಿ, ಇಲ್ಲಿಯೂ ನಾಲ್ಕು ಜನ ಕೂದಲು ಬಿಟ್ಟುಕೊಂಡು ಏಳುತ್ತಾರೆ, ಆಗ ಅವರು ತಿಂದ ದೋಸೆಯ ದುಡ್ಡಿಗೆ ಯಾರು ಜವಾಬ್ದಾರಿ ಎಂದು ಮಾಮ ರೇಗಿಸುತ್ತಿದ್ದರು. ಅಣ್ಣತಂಗಿ ಇಬ್ಬರೂ ನಗುತ್ತಿದ್ದರು. ಆ ನಗು ನಿಜವಾಗಿ ಕೇಳಿದ್ದೋ, ನಾನೇ ಹಾಕಿದ್ದೋ ಹೇಳಲಾರೆ.

ಆ ಬಂದರಿನ ಕೆಲಸದ ಆಫೀಸಿನಿಂದಲೇ ಚಿಕ್ಕಮ್ಮನಿಗೆ ಟೈಪಿಸ್ಟಾಗಿ ಬರಲು ಕರೆ ಬಂತು. ಅದೇ ಹೊತ್ತಿಗೆ ಮುಂಬಯಿಯಲ್ಲಿ ಹೋಟೆಲಿದ್ದ ಒಬ್ಬರ ಸಂಬಂಧವೂ ಬಂತು. ಅವರಿಗೆ ಬೇಗ ಉತ್ತರ ಬೇಕಿತ್ತು. ಎರಡರಲ್ಲಿ ಒಂದು. ಮಾಮ ಯಾವ ಕಡೆ ಎಂದು ಬಾಯಿ ಬಿಡಲಿಲ್ಲ. ತೀರ್ಮಾನವಾಗದಿದ್ದರೆ ನಮ್ಮ ಕುಟುಂಬದಲ್ಲಿ ದೈವದ ಮುಂದೆ ಹೂವು ಕೇಳುವ ಕ್ರಮವಿತ್ತು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಕೇಳಿದವರು ಬೆನ್ನು ತಿರುಗಿಸಿ ನಿಲ್ಲಬೇಕು, ಬಿದ್ದದ್ದನ್ನು ನೋಡಿ ಹೇಳುವುದು ಮನೆಯ ಹಿರಿಯ. ಒಮ್ಮೆ ಕೇಳಿದ ಮೇಲೆ ಎರಡನೆಯ ಸಲ ಕೇಳುವ ಹಾಗಿಲ್ಲ, ಬಂದ ಉತ್ತರವನ್ನು ಮೀರುವ ಹಾಗೂ ಇಲ್ಲ. ಹೋಗಿ ಕೇಳಿ ಬರುವ ಎಂದು ಅಮ್ಮ ಹೇಳಿದಾಗ ಚಿಕ್ಕಮ್ಮ ಒಪ್ಪಲಿಲ್ಲ.

"ದೈವಕ್ಕೆ ನನ್ನ ಪರಿಚಯ ಎಷ್ಟುಂಟು ಅಣ್ಣ? ಇದಕ್ಕೆ ಗೊತ್ತುಂಟು. ಇದರ ಹತ್ತಿರ ಕೇಳ್ತೇನೆ," ಎಂದು ರೇಡಿಯೋದ ಮೇಲೆ ಕೈಯಿಟ್ಟಳು.

"ಹಾಗಾದ್ರೆ ಲಂಡನ್ನಿನ ದೈವಕ್ಕೆ ಬಡಿಸ್ಲಿಕ್ಕೆ ನಾನು ಕೋಳಿ ತರ್ಬೇಕಾ ಇನ್ನು?" ಎಂದರು ಮಾಮ.

ತಮಾಷೆಯಾಗಿ ಶುರುವಾದದ್ದು ಯಾವಾಗ ನಿಜವಾಯಿತೋ ತಿಳಿಯದು. ಚಿಕ್ಕಮ್ಮ ಒಂದು ಹಾಡಿನ ಹೆಸರು ಹೇಳಿದಳು. ಬರುವ ಪಟ್ಟಿಯಲ್ಲಿ ಅದು ಒಂದನೆಯದಾದರೆ ಮುಂಬಯಿ, ಇಲ್ಲದಿದ್ದರೆ ಪಣಂಬೂರು. ಅಮ್ಮ ಸಿಟ್ಟಿನಲ್ಲಿ ಅಡುಗೆಕೋಣೆಗೆ ಹೋದಳು. ಮಾಮ ಮಾತ್ರ ಒಪ್ಪಿದರು, ಆದರೆ ಕ್ರಮ ತಪ್ಪಬಾರದು ಎಂದರು. ಕೇಳಿದವಳು ಬೆನ್ನು ತಿರುಗಿಸಬೇಕು.

ಆ ಸಂಜೆ ಅವಳು ಕೋಣೆಯ ಹೊರಗೆ, ಏಣಿಮೆಟ್ಟಲಿನ ತುದಿಯಲ್ಲಿ, ಕೆಳಗಿನ ಹೋಟೆಲಿನ ಗದ್ದಲಕ್ಕೆ ಮುಖಮಾಡಿ ಕೂತಳು. ಪಟ್ಟಿಯ ಕೆಳಗಿನ ಹಾಡುಗಳು ಸ್ಪಷ್ಟವಾಗಿಯೇ ಬಂದವು. ಆದರೆ ಮುಸ್ಸಂಜೆಗೆ ಶಾರ್ಟ್‌ವೇವ್ ಯಾವಾಗಲೂ ಕೈಕೊಡುತ್ತಿತ್ತು. ಎಣಿಕೆ ಮೇಲೇರಿದಂತೆ ದನಿ ದೂರ ಹೋಯಿತು, ಹತ್ತಿರ ಬಂತು, ಮೇಲೆ ಬೇರೆ ಯಾವುದೋ ಭಾಷೆ ಹತ್ತಿತು, ಆಮೇಲೆ ಕಡಲಿನ ಹಾಗೆ ಬರೀ ಮೊರೆತ. ಮಾಮ ರೇಡಿಯೋದ ಸ್ಪೀಕರಿನ ಬಟ್ಟೆಗೆ ಕಿವಿ ಅಂಟಿಸಿ ಬಗ್ಗಿದರು. ನಾನು ಅವರ ಮುಖ ನೋಡುತ್ತಿದ್ದೆ. ನೋಡುತ್ತಿದ್ದೆ ಎಂದು ಅಂದುಕೊಂಡಿದ್ದೇನೆ. ನನಗೆ ಏನೂ ಕೇಳಿಸಲಿಲ್ಲ. ಅವರು ಕೈಚಾಚಿ ರೇಡಿಯೋ ಆರಿಸಿದರು.

"ಸರೂ, ಫಸ್ಟ್ ನಿನ್ನದೇ."

ಚಿಕ್ಕಮ್ಮ ತಿರುಗಲಿಲ್ಲ. "ಸರಿ ಕೇಳಿಸಿತಾ ಅಣ್ಣ?"

"ಕೇಳಿದ್ದನ್ನು ಪುನಃ ಕೇಳ್ಲಿಕ್ಕೆ ಉಂಟಾ?"

ಮುಂದಿನ ವಾರ ಪಟ್ಟಿ ಬರುವ ಹೊತ್ತಿಗೆ ರೇಡಿಯೋ ರಿಪೇರಿಗೆ ಹೋಗಿತ್ತು. ವಾಲ್ವು ಸುಟ್ಟಿತ್ತು ಎಂದರು. ವಾಲ್ವುಗಳು ಸುಡುತ್ತಲೂ ಇದ್ದವು. ಅದು ತಿರುಗಿ ಬರುವಾಗ ಮುಂಬಯಿಗೆ ಉತ್ತರ ಹೋಗಿಯಾಗಿತ್ತು. ಮದುವೆಯಾಯಿತು. ಕಥೆಗಳಲ್ಲಿ ಬರುವಂಥ ಕಷ್ಟವೇನೂ ಚಿಕ್ಕಮ್ಮನಿಗೆ ಬರಲಿಲ್ಲ. ಗಂಡ ಸಭ್ಯರು, ಹೋಟೆಲು ಬೆಳೆಯಿತು, ಅಡುಗೆಯ ಉಸ್ತುವಾರಿ ಅವಳದೇ ಆಯಿತು. ರಜೆಯಲ್ಲಿ ಬಂದಾಗ ಅಮ್ಮನ ಪಕ್ಕ ಮಲಗಿ ಇಡೀ ಮಧ್ಯಾಹ್ನ ನಿದ್ದೆ ಮಾಡುತ್ತಿದ್ದಳು. ರೇಡಿಯೋದ ಕೋಣೆಗೆ ಬರುತ್ತಿರಲಿಲ್ಲ. ಮಾಮ ಒಬ್ಬರೇ ಕೂತು ಪಟ್ಟಿ ಕೇಳುತ್ತಿದ್ದರು, ತೊಡೆ ತಟ್ಟುತ್ತಿರಲಿಲ್ಲ. ಕೆಲ ಕಾಲದ ಮೇಲೆ ಅದೂ ನಿಂತಿತು. ಆ ಮನೆ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಗಳ ಕಾಂಪ್ಲೆಕ್ಸ್ ಉಂಟು. ಬಸ್ಸಿಗೆ ಕಾಯುವಾಗ ಮಹಡಿ ಎಷ್ಟು ಎತ್ತರದಲ್ಲಿತ್ತು ಎಂದು ಗಾಳಿಯಲ್ಲಿ ಅಳೆಯಲು ನೋಡಿದ್ದೇನೆ, ಪ್ರತಿ ಸಲವೂ ಬೇರೆ ಎತ್ತರ ಬರುತ್ತದೆ.

ಮಾಮ ಹಾಸಿಗೆ ಹಿಡಿದ ಮೇಲೆ ಒಮ್ಮೆ ಕೇಳಿದೆ, ಆ ದಿನ ನಿಜವಾಗಿ ಏನು ಕೇಳಿಸಿತ್ತು ಎಂದು. "ಲಂಡನ್ನಿನವರು ಹೇಳಿದ್ದನ್ನು ನಾನು ಹೇಳಿದೆ ಮಾರಾಯ. ಅದರಲ್ಲಿ ಎಂತ ಉಂಟು?" ಎಂದರು. ನಾನು ಹೊರಡಲು ಎದ್ದಾಗ, "ಅವಳು ಕೇಳಿದಳಾ?" ಎಂದರು. ಚಿಕ್ಕಮ್ಮ ಎಂದೂ ಕೇಳಿರಲಿಲ್ಲ. ಮಾಮ ಹೋದ ಮೇಲೆ ಚಿಕ್ಕಮ್ಮ ಕೊನೆಯ ಸಲ ಊರಿಗೆ ಬಂದಿದ್ದಳು. ಕಾರಿನಲ್ಲಿ ಪಣಂಬೂರಿನ ಮೇಲಾಗಿ ಹೋಗುವಾಗ ನಾನು ಬೇಕಂತಲೇ ಆ ನಾಲ್ವರ ಹಾಡು ಹಾಕಿದೆ. ಬಂದರಿನ ಕ್ರೇನುಗಳನ್ನು ನೋಡುತ್ತಿದ್ದವಳು ಕೇಳಿದಳು, "ಇದು ಯಾರದ್ದು? ಸ್ವಲ್ಪ ಸಣ್ಣ ಮಾಡ್ತೀಯಾ?" ಮರೆತಿದ್ದಳೋ, ಬೇಡವಾಗಿತ್ತೋ. ನಾನು ಸಣ್ಣ ಮಾಡಿದೆ.

ಈಗ ಆ ವರ್ಷಗಳ ಪ್ರತಿ ವಾರದ ಪಟ್ಟಿ ಫೋನಿನಲ್ಲಿ ಸಿಗುತ್ತದೆ. ಯಾವ ಹಾಡು ಯಾವ ವಾರ ಎಷ್ಟನೆಯದು ಎಂದು ಬೆರಳಲ್ಲಿ ಸರಿಸುತ್ತ ನೋಡಬಹುದು, ಮೊರೆತವಿಲ್ಲದೆ. ಇನ್ವರ್ಟರ್ ಬಿಸಿಯೇರಿದ ದಿನ ನೋಡಿದೆ. ಆದರೆ ನೋಡಲು ವಾರ ಗೊತ್ತಿರಬೇಕು, ಹಾಡು ಗೊತ್ತಿರಬೇಕು. ಚಿಕ್ಕಮ್ಮ ಆರಿಸಿದ್ದು ತಲೆ ಒಣಗಿಸುವಾಗ ಗುನುಗುತ್ತಿದ್ದ ನಿಧಾನದ ಹಾಡು, ಅದು ವಾರವಾರ ಮೇಲೇರುತ್ತಿತ್ತು ಎಂದು ನನ್ನ ನೆನಪು. ಕೇಳಲು ಚಿಕ್ಕಮ್ಮನೂ ಈಗಿಲ್ಲ, ಅಕ್ಕನಿಗೆ ಫೋನು ಮಾಡಿದೆ. ಅವಳು ನಕ್ಕಳು.

"ನಿಧಾನದ್ದಾ? ಚಪ್ಪಾಳೆಯ ಹಾಡು ಅದು. ಆಗಲೇ ಕೆಳಗೆ ಬೀಳ್ತಾ ಇತ್ತು. ಪುನಃ ಮೇಲೆ ಬರ್ಲಿಕ್ಕೆ ಇಲ್ಲ ಅಂತ ಗೊತ್ತಿದ್ದೇ ಅವಳು ಅದನ್ನು ಹೇಳಿದ್ದು."

ಮತ್ತೆ ಯಾಕೆ ಸುಮ್ಮನೆ ಮುಂಬಯಿಗೆ ಹೋದಳು ಎಂದು ಕೇಳಿದೆ. ಹಿರಿಯ ಹೇಳಿದ ಮೇಲೆ ಎಂತ ಮಾಡುವುದು ಎಂದಳು ಅಕ್ಕ. ಆಮೇಲೆ, ತನಗೂ ಸರಿ ನೆನಪಿಲ್ಲ, ಆಗ ತನಗೆ ಜ್ವರ ಇದ್ದಿರಬೇಕು ಎಂದಳು.

ಏರುವ ಹಾಡಾಗಿದ್ದರೆ ಚಿಕ್ಕಮ್ಮನಿಗೆ ಹೋಗುವ ಮನಸ್ಸಿತ್ತು, ಮಾಮ ಬಹುಶಃ ಕೇಳಿದ್ದನ್ನೇ ಹೇಳಿದರು. ಇಳಿಯುವ ಹಾಡಾಗಿದ್ದರೆ ಅವಳಿಗೆ ಉಳಿಯಬೇಕಿತ್ತು. ಮಾಮ ಅವಳನ್ನು ಕಳಿಸಿದರು, ಕಳಿಸಿದ್ದು ಅವಳಿಗೂ ಗೊತ್ತಿತ್ತು. ಎರಡನ್ನೂ ಒಂದೊಂದು ದಿನ ನಂಬುತ್ತೇನೆ, ಎರಡೂ ದಣಿಸುತ್ತವೆ. ಹಾಡು ಯಾವುದೆಂದು ನನಗೆ ಗೊತ್ತಿಲ್ಲ. ಮಾಮನಿಗೆ ಏನು ಕೇಳಿಸಿತೆಂದು ಗೊತ್ತಿಲ್ಲ. ನಿನಗೆ ಏನು ಬೇಕು ಎಂದು ಆ ಮನೆಯಲ್ಲಿ ಯಾರಾದರೂ ಅವಳನ್ನೇ ಕೇಳಿದ್ದರೋ, ಅದೂ ಗೊತ್ತಿಲ್ಲ.