ನೆರಳಿಗೆ ಸರಿದ ಬಸ್ಸು

ಬಸ್ಸಿನ ಬಾಗಿಲ ಕಂಬಿ ಹಿಡಿದೂ ಹಿಡಿದೂ ಆಂಟಿಯ ಬಲ ಅಂಗೈ ನನ್ನ ಅಂಗೈಯಷ್ಟೇ ಜಡ್ಡುಗಟ್ಟಿತ್ತು. ನಾನು ಗ್ಯಾರೇಜಿನಲ್ಲಿ ಜಜ್ಜಿದ ಕಾರು ಬಡಿದು ಸರಿಮಾಡುವ ಡೆಂಟಿಂಗ್ ಕೆಲಸದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸುತ್ತಿಗೆ ಹಿಡಿದವನು, ಅದೇ ಸುತ್ತಿಗೆಯಿಂದ ಹೆಂಡತಿ ಮಗಳನ್ನು ದೋಹಾಕ್ಕೆ ಕರೆಸಿಕೊಂಡವನು. ಮನುಷ್ಯರಲ್ಲಿ ನಾನು ಮೊದಲು ನೋಡುವುದು ಕೈಯನ್ನು.

ಶಾಲೆಯ ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಇಳಿಸುವುದು ಆಂಟಿಯ ಕೆಲಸ. ಕಾರ್ಕಳ ಕಡೆಯವರು, ಗಂಡ ತೀರಿದ ಮೇಲೆ ದೋಹಾದ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಕಟ್ಟಡದಲ್ಲೇ ತಮ್ಮನ ಸಂಸಾರದ ಜೊತೆ ಇದ್ದರು. ತಡವಾಗಿ ಓಡಿಬರುವ ಮಕ್ಕಳಿಗೆ, "ಎಂಥ ಗಡಿಬಿಡಿ? ನನ್ನನ್ನು ಬಿಟ್ಟು ಬಸ್ಸು ಹೋಗುದಿಲ್ಲ" ಎನ್ನುತ್ತಿದ್ದರು. ಕೊನೆಯ ಮಗು ಹತ್ತುವವರೆಗೆ ಅವರ ಒಂದು ಕಾಲು ನೆಲದ ಮೇಲೇ ಇರುತ್ತಿತ್ತು.

ತೊಂಬತ್ತರ ದಶಕದ ನಡುವಿನ ಒಂದು ಶುಕ್ರವಾರ, ದುಖಾನ್ ರಸ್ತೆಯಲ್ಲಿ ಗೆಳೆಯರ ಕಾರಿನ ಟಯರು ಒಡೆಯಿತು. ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ಅಲ್ಲೇ ಹೋದಳು. ಪಕ್ಕದಲ್ಲಿ ಕೂತಿದ್ದ ಮಗಳಿಗೆ ಗಾಯವೂ ಆಗಲಿಲ್ಲ. ಆಗ ಅವಳಿಗೆ ಹದಿನೈದು. ಆಮೇಲಿನ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಅನ್ನ ಬೇಯಿಸುತ್ತಿದ್ದೆ, ಕೆಲಸಕ್ಕೆ ಹೋಗುತ್ತಿದ್ದೆ, ಜಜ್ಜಿದ ಬಾಗಿಲುಗಳನ್ನು ಬಡಿದು ನೆಟ್ಟಗೆ ಮಾಡುತ್ತಿದ್ದೆ. ಮಗಳು ಬಸ್ಸು ಹತ್ತಲಿಲ್ಲ. ಯಾವ ಗಾಡಿಯನ್ನೂ ಹತ್ತಲಿಲ್ಲ. ಚಳಿಗಾಲದ ರಜೆ ಮುಗಿದ ಮೇಲೂ ಬಾರದಿದ್ದರೆ ಹೆಸರು ತೆಗೆಯುತ್ತೇವೆ ಎಂದಿತು ಶಾಲೆ. ಹಾಗಾದರೆ ಅವಳು ಪುತ್ತೂರಿಗೆ ನನ್ನ ಅಮ್ಮನ ಹತ್ತಿರ ಹೋಗಬೇಕು. ನನ್ನ ಹಾಗೆಯೇ, ಅರ್ಧಕ್ಕೆ ಬಿಟ್ಟು.

ಆಂಟಿ ಬಂದು ಸಮಾಧಾನ ಹೇಳಲಿಲ್ಲ. ಮಧ್ಯಾಹ್ನ ಬಸ್ಸನ್ನು ನಮ್ಮ ಕಟ್ಟಡದ ಹಿಂದಿನ ಮರಳು ಜಾಗದಲ್ಲಿ ನಿಲ್ಲಿಸುತ್ತಿದ್ದರು. ತನಗೆ ಸೊಂಟ ನೋವು, ಬಸ್ಸು ಗುಡಿಸಲು ಜನ ಬೇಕು ಎಂದು ಮಗಳನ್ನು ಕರೆದರು. ನನಗೆ ಸಿಟ್ಟು ಬಂತು. ನನ್ನ ಮಗಳು ಕಸ ಗುಡಿಸಲೆಂದು ನಾನು ಇಲ್ಲಿ ದುಡಿಯುತ್ತಿಲ್ಲ ಎಂದೆ.

"ಹಾಗಾದ್ರೆ ನೀವೇ ಬನ್ನಿ ಮಾರಾಯ್ರೆ, ಪೊರಕೆ ಎರಡುಂಟು" ಎಂದರು.

ಕೊನೆಗೆ ಮಗಳೇ ಹೋದಳು. ನಿಂತ ಬಸ್ಸು, ಆರಿಸಿದ ಇಂಜಿನ್. ಮೊದಲ ದಿನ ಮಗಳು ಮೆಟ್ಟಿಲಷ್ಟೇ ಗುಡಿಸಿದಳು. ದಿನ ಕಳೆದಂತೆ ಒಳಗೆ ಹೋದಳು, ಸೀಟು ಒರೆಸಿದಳು. ಬಿಸಿಲು ಬಂದಾಗ ಬಸ್ಸನ್ನು ಕಟ್ಟಡದ ನೆರಳಿಗೆ ಸರಿಸುವುದು ಪಠಾಣ್ ಡ್ರೈವರನ ರೂಢಿ. ಅವಳು ಒಳಗಿದ್ದಾಗ ಮಾತ್ರ ಆಂಟಿ ಸರಿಸಲು ಬಿಡುತ್ತಿರಲಿಲ್ಲ.

ಒಂದು ದಿನ ಬಿಟ್ಟರು. ಊಟದ ಬಿಡುವಿನಲ್ಲಿ ಮನೆಗೆ ಬಂದ ನಾನು ಬಸ್ಸಿನ ಬಾಗಿಲ ಹತ್ತಿರವೇ ನಿಂತಿದ್ದೆ. ಆಂಟಿ ಮಗಳನ್ನು ಕೇಳಿದರು, ಸರಿಸಲಿಕ್ಕೆ ಹೇಳಲಾ ಎಂದು. ಅವಳು ಹೂಂ ಎಂದು ತಲೆಯಾಡಿಸಿದಳು. "ಯಲ್ಲಾ" ಎಂದು ಡ್ರೈವರನಿಗೆ ಹೊರಡಲು ಹೇಳಿದರು ಆಂಟಿ. ಇಂಜಿನ್ ನಡುಗಿತು. ಮಗಳು ನೆಲದ ಮೇಲೆ ಕುಕ್ಕರಿಸಿದಳು. ನಾನು ಹತ್ತಲು ಹೋದೆ. ಆಂಟಿ ಕಂಬಿಗೆ ಕೈ ಅಡ್ಡ ಇಟ್ಟು ನನ್ನನ್ನು ತಡೆದರು. ಅವಳನ್ನು ಮುಟ್ಟಲೂ ಇಲ್ಲ.

"ಬಕೆಟ್ ಹಿಡಿ ಮಗಾ. ನೀರು ಚೆಲ್ಲಿದ್ರೆ ಪುನಃ ಒರೆಸ್ಲಿಕ್ಕೆ ನನ್ನಿಂದಾಗುದಿಲ್ಲ."

ಅವಳು ಎರಡೂ ಕೈಯಲ್ಲಿ ಬಕೆಟ್ ತಬ್ಬಿ ಹಿಡಿದಳು. ಬಸ್ಸು ಬಿಸಿಲಿನಿಂದ ನೆರಳಿಗೆ ಹೋಗಿ ನಿಂತಿತು. ಸ್ವಲ್ಪ ನೀರು ಚೆಲ್ಲಿತ್ತು. ಅವಳೇ ಒರೆಸಿದಳು.

ರಜೆ ಮುಗಿದ ದಿನ ಅವಳು ಯೂನಿಫಾರ್ಮ್ ಹಾಕಿ ಕೆಳಗಿಳಿದಳು. ಆಂಟಿ ಎಲ್ಲ ಮಕ್ಕಳನ್ನೂ ಹತ್ತಿಸಿದ ಹಾಗೆಯೇ ಅವಳನ್ನೂ ಹತ್ತಿಸಿ ಬಾಗಿಲೆಳೆದರು. ನಾನು ಕೆಲಸಕ್ಕೆ ಹೋದೆ. ಸಂತೋಷ ಆಯಿತೇ ಎಂದರೆ ಗೊತ್ತಿಲ್ಲ. ಆ ಕಾಲದಲ್ಲಿ ನನಗೆ ಏನೂ ಆಗುತ್ತಿರಲಿಲ್ಲ.

ಕೆಲವು ವರ್ಷದ ನಂತರ ಆಂಟಿ ಊರಿಗೆ ಮರಳಿದರು. ಹೊರಡುವಾಗ ನಾನು ಕೊಟ್ಟ ಸೀರೆಯನ್ನು ತೆಗೆದುಕೊಳ್ಳಲಿಲ್ಲ. ನಿಮ್ಮ ಮಗಳು ಅಷ್ಟು ದಿನ ಬಸ್ಸು ಗುಡಿಸಿದ್ದಾಳೆ, ಲೆಕ್ಕ ಖಲಾಸ್ ಎಂದರು.

ಅವರು ತೀರಿದ ಸುದ್ದಿಯನ್ನು ಅವರ ತಮ್ಮ ಗ್ಯಾರೇಜಿಗೆ ಬಂದು ತಿಳಿಸಿದ. ಕೈಯಲ್ಲಿದ್ದ ಕೆಲಸ ಮುಗಿಸಿ, ಬೆಂಗಳೂರಿನಲ್ಲಿ ಓದುತ್ತಿದ್ದ ಮಗಳಿಗೆ ಫೋನ್ ಮಾಡಿದೆ. ಅವಳು ಕಾರ್ಕಳಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.