ಮೂರು ಕೆಜಿ ಸಂಕೋಚ

ಟಕ್, ಟಕ್, ಟಕ್.

ಸಿರಿಂಜಿನ ಮೈಗೆ ಉಗುರು ತಾಗುವ ಸದ್ದು. ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆ ಮೇಲೇರಲಿ ಎಂದು ನರ್ಸುಗಳು ಹೀಗೆ ತಟ್ಟುತ್ತಾರೆ. ಮಕ್ಕಳ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ನರ್ಸಾಗಿ ಕಳೆದ ತಕ್ಕಡಿ ಅಕ್ಕ, ಆ ಸದ್ದು ಕೇಳಿಯೇ ತಟ್ಟುತ್ತಿರುವವರ ಮನಸ್ಸು ಹೇಳಬಲ್ಲಳು. ಇವತ್ತಿನದು ಅವಸರದ ಸದ್ದು.

ಔಷಧಿ ಕೋಣೆಯಲ್ಲಿ ನಿಂತಿದ್ದವಳು ಹೋದ ವಾರವಷ್ಟೇ ಮೇಲಿನ ಮಹಡಿಯ ದೊಡ್ಡವರ ವಾರ್ಡಿನಿಂದ ವರ್ಗವಾಗಿ ಬಂದ ನರ್ಸು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ಮೂರನೇ ಮಂಚಕ್ಕೆ ಬೆಳಿಗ್ಗೆ ಸೇರಿದ ಎರಡೂವರೆ ವರ್ಷದ ಹುಡುಗಿಗೆ ಮೊದಲ ಇಂಜೆಕ್ಷನ್ ತಯಾರಾಗುತ್ತಿತ್ತು. ಮೂರು ದಿನದ ಜ್ವರ, ಮೂತ್ರದಲ್ಲಿ ಸೋಂಕು. ಔಷಧವೇನೋ ಒಳ್ಳೆಯದೇ. ಆದರೆ ಅಳತೆ ಮೀರಿದರೆ ಕಿವಿಗೂ ಮೂತ್ರಪಿಂಡಕ್ಕೂ ಕುತ್ತು ತರುವಂಥದ್ದು. ಅದಕ್ಕೇ ಮಗುವಿನ ತೂಕ ನೋಡಿ ಡಾಕ್ಟರು ಪ್ರಮಾಣ ಬರೆಯುತ್ತಾರೆ. ಕೊಡುವ ಮೊದಲು ಇಬ್ಬರು ನರ್ಸುಗಳು ಬೇರೆಬೇರೆಯಾಗಿ ಲೆಕ್ಕ ಹಾಕುತ್ತಾರೆ.

ಅಕ್ಕ ಗೋಡೆಯ ಕಡೆ ತಿರುಗಿ ತನ್ನ ಚೀಟಿಯಲ್ಲಿ ಲೆಕ್ಕ ಮಾಡಿದಳು. ಹೊಸ ನರ್ಸು ತನ್ನದನ್ನು ತೋರಿಸಿದಳು. ಎರಡೂ ಒಂದೇ.

"ಸರಿ ಇದೆಯಲ್ಲ ಅಕ್ಕಾ? ಕೊಟ್ಟು ಬರಲಾ?"

"ಲೆಕ್ಕ ಸರಿ ಇದೆ. ಮಗೂನ ಒಂದ್ಸಲ ಎತ್ಕೊಂಡು ಬರ್ತೀನಿ."

"ಕೈಯಲ್ಲೇ ತೂಗೋದಾದ್ರೆ ಆ ಮೆಷಿನ್ ಯಾಕೆ? ಗುಜರಿಗೆ ಹಾಕ್ಬಿಡೋಣ."

ಅಕ್ಕ ನಕ್ಕಳು. ತಕ್ಕಡಿ ಎಂಬ ಅಡ್ಡಹೆಸರು ಅವಳಿಗೆ ಬಂದದ್ದೇ ಹಾಗೆ. ಔಷಧಿ ಕೊಡುವ ಮೊದಲು ಪ್ರತಿ ಮಗುವನ್ನೂ ಒಮ್ಮೆ ಎತ್ತಿಕೊಳ್ಳುತ್ತಾಳೆ. ಅವಳ ಅಪ್ಪ ಧಾನ್ಯದ ಗೋದಾಮಿನಲ್ಲಿ ಮೂಟೆ ತೂಗುತ್ತಿದ್ದವರು. ಮೂಟೆಯನ್ನು ಅಲುಗಿಸಿ ನೋಡಿಯೇ ತೂಕ ಹೇಳುತ್ತಿದ್ದರು, ಆಮೇಲೂ ತಪ್ಪದೆ ತೂಗುತ್ತಿದ್ದರು. "ಕೈ ಬರೀ ಅನುಮಾನ ಪಡಬೇಕು ಮಗಳೇ. ತೀರ್ಪು ತೂಕದ ಕಲ್ಲಿಂದು," ಎನ್ನುತ್ತಿದ್ದರು.

ಅಪ್ಪನ ಮಾತು ಅವಳಿಗೆ ಅರ್ಥವಾದದ್ದು ನರ್ಸಾದ ಎರಡನೇ ವರ್ಷದಲ್ಲಿ. ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಒಬ್ಬ ಹುಡುಗನನ್ನು ಪ್ಲಾಸ್ಟರಿನ ಸಮೇತ ತೂಗಿ ಬರೆದುಕೊಂಡಿದ್ದಳು. ಎರಡು ದಿನ ಅದೇ ತೂಕಕ್ಕೆ ಔಷಧಿ ಹೋಯಿತು. ಹುಡುಗ ಮಂಕಾಗಿ ಮಲಗಿದ್ದನ್ನು ಕಂಡು ಹಿರಿಯ ಸಿಸ್ಟರ್ ಒಬ್ಬರು ಅವನ ಕಾಲು ತಟ್ಟಿ, "ಈ ಸುಣ್ಣಕ್ಕೂ ಔಷಧಿ ಕುಡಿಸ್ತಿದ್ದೀಯೇನೇ?" ಎಂದು ಕೇಳಿದ್ದರು. ಹುಡುಗ ಗುಣವಾಗಿ ಮನೆಗೆ ಹೋದ. ಅವಳ ಭಯ ಮಾತ್ರ ಇನ್ನೂ ಡಿಸ್ಚಾರ್ಜ್ ಆಗಿಲ್ಲ.

ಮೂರನೇ ಮಂಚದ ಹತ್ತಿರ ಹುಡುಗಿ ತಾಯಿಯ ಕುತ್ತಿಗೆಗೆ ಉಡದಂತೆ ಅಂಟಿಕೊಂಡಿದ್ದಳು. ಪಕ್ಕದ ಸ್ಟೂಲಿನ ಮೇಲೆ ಅಜ್ಜಿ, ಅಂದರೆ ಆ ತಾಯಿಯ ಅತ್ತೆ, ಇಡೀ ವಾರ್ಡಿಗೆ ಕೇಳುವಂತೆ ಮಾತಾಡುತ್ತಿದ್ದರು.

"ನೋಡಿ ಸಿಸ್ಟರಮ್ಮಾ, ಮಗು ಹಂಚಿಕಡ್ಡಿ, ತಾಯಿ ಮಾತ್ರ ದುಂಡಗೆ. ಇವಳು ತಿಂದಿದ್ದರಲ್ಲಿ ಅರ್ಧ ಆ ಕೂಸಿನ ಹೊಟ್ಟೆಗೆ ಹೋಗಿದ್ರೆ ನಾವು ಇಲ್ಲಿಗೇ ಬರ್ತಿರ್ಲಿಲ್ಲ."

ತಾಯಿ ತಲೆ ಎತ್ತಲಿಲ್ಲ. ಈ ಮಾತು ಮನೆಯಲ್ಲಿ ಹೊತ್ತುಹೊತ್ತಿಗೆ ಬಡಿಸುವಂಥದ್ದೆಂದು ಅವಳ ಮುಖವೇ ಹೇಳುತ್ತಿತ್ತು.

ಅಕ್ಕ ಎದೆಯ ಮೇಲೆ ತಲೆಕೆಳಗಾಗಿ ತೂಗುತ್ತಿದ್ದ ಪುಟ್ಟ ಗಡಿಯಾರವನ್ನು ಹುಡುಗಿಯ ಮುಂದೆ ಆಡಿಸಿದಳು. ಜ್ವರದ ಕಣ್ಣು ಅತ್ತ ಹೊರಳಿತು. ಒಂದು ಕೈ ಬಂತು, ಆಮೇಲೆ ಇನ್ನೊಂದು. ಮಗುವಿಗೆ ಗಡಿಯಾರ ಸಿಕ್ಕಿತು, ಅಕ್ಕನಿಗೆ ಮಗು.

ಎತ್ತಿಕೊಂಡ ಕೂಡಲೇ ಅವಳ ತೋಳು ಅನುಮಾನಪಟ್ಟಿತು. ಮಗುವಿನ ಹಾಳೆಯಲ್ಲಿ ತೂಕ ಹದಿನಾಲ್ಕು ಕೆಜಿ ಎಂದಿತ್ತು. ಇದು ಹದಿನಾಲ್ಕಲ್ಲ.

ಹೊಸ ನರ್ಸು ಟ್ರೇ ಹಿಡಿದು ಬಂದು ನಿಂತಿದ್ದಳು. ಅಕ್ಕ ದನಿ ತಗ್ಗಿಸಿ ಕೇಳಿದಳು, "ತೂಕ ಹೇಗೆ ತಗೊಂಡೆ?"

"ಇವಳು ಕೆಳಗೆ ಇಳೀಲೇ ಇಲ್ಲ ಅಕ್ಕಾ. ಮಗು ಸಮೇತ ತಾಯೀನ ಮೆಷಿನ್ ಮೇಲೆ ನಿಲ್ಲಿಸ್ದೆ, ಅರವತ್ತಾರು ಬಂತು. ಅದರಲ್ಲಿ ತಾಯಿ ತೂಕ ಐವತ್ತೆರಡು ಕಳೆದೆ."

"ತಾಯೀನ ಒಬ್ಬಳನ್ನೇ ನಿಲ್ಸಿದ್ಯಾ?"

"ಇಲ್ಲ, ಕೇಳ್ದೆ. ಅವರೇ ಹೇಳಿದ್ರು. ಮೇಲಿನ ಮಹಡೀಲಿ ನಾವು ಕೇಳ್ಕೊಂಡೇ ಬರೀತಿದ್ವಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ತಾಯಿ ಮೈಮೇಲಿನ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. ಅಕ್ಕ ಅದನ್ನು ನೋಡಿದಳು. ನೋಡಿ ಅತ್ತೆಯ ಕಡೆಗೊಮ್ಮೆ ಕಣ್ಣು ಹಾಯಿಸಿದಳು. ಇಬ್ಬರು ನರ್ಸುಗಳ ಲೆಕ್ಕ ಏಕೆ ಒಂದೇ ಬಂತೆಂದು ಈಗ ತಿಳಿಯಿತು: ಇಬ್ಬರೂ ಹಿಡಿದದ್ದು ಅದೇ ಹದಿನಾಲ್ಕನ್ನು. ಒಂದೇ ಬಾವಿಯ ನೀರನ್ನು ಇಬ್ಬರು ಸೇದಿದರೂ ರುಚಿ ಒಂದೇ.

"ಏನಮ್ಮಾ, ನೀನು ಎಷ್ಟಿದ್ದೀಯ ನಿಜ ಹೇಳು" ಎಂದು ಕೇಳಿಬಿಡಬಹುದಿತ್ತು. ಮೆಷಿನ್ ಮೇಲೆ ನಿಲ್ಲು ಎಂದರೂ ತಪ್ಪಿರಲಿಲ್ಲ. ಆದರೆ ಅಲ್ಲಿ ಮೂಡುವ ಸಂಖ್ಯೆ ಆ ಸೊಸೆಯ ಜೊತೆ ಮನೆಗೆ ಹೋಗುತ್ತದೆ, ವರ್ಷಗಟ್ಟಲೆ ಊಟಕ್ಕೆ ಕೂತಾಗಲೆಲ್ಲ ಎದುರು ಬರುತ್ತದೆ. ಮಗುವಿಗೆ ಬೇಕಾದದ್ದು ಅದರ ತೂಕವೇ ಹೊರತು ತಾಯಿಯದಲ್ಲ.

ಅಕ್ಕ ಚಪ್ಪಲಿ ಬಿಟ್ಟು ಮಗುವನ್ನು ಎತ್ತಿಕೊಂಡೇ ಮೆಷಿನ್ ಹತ್ತಿದಳು.

"ಎಷ್ಟು? ಗಟ್ಟಿಯಾಗಿ ಓದು."

"ತೊಂಬತ್ತು," ಎಂದಳು ಹೊಸ ನರ್ಸು.

ಗಡಿಯಾರವನ್ನು ಕಳಚಿ ಹುಡುಗಿಯ ಮುಷ್ಟಿಯಲ್ಲೇ ಬಿಟ್ಟು, ಅವಳನ್ನು ತಾಯಿಗೆ ಕೊಟ್ಟು, ಅಕ್ಕ ಒಬ್ಬಳೇ ಮತ್ತೆ ಹತ್ತಿದಳು.

"ಈಗ?"

ಹೊಸ ನರ್ಸು ಅಜ್ಜಿಯ ಕಡೆ ನೋಡಿ ತಡವರಿಸಿದಳು. "ನನ್ನ ತೂಕ ನಂಗೆ ಗೊತ್ತಿಲ್ವೇನೇ? ಓದು!" ಎಂದಳು ಅಕ್ಕ.

"ಎಪ್ಪತ್ತೊಂಬತ್ತು."

ಅಜ್ಜಿ ಸ್ಟೂಲಿನ ಮೇಲೆಯೇ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಸಿಸ್ಟರಮ್ಮಾ, ಮೆಷಿನ್ ಪಾಪ ಅಲ್ವಾ!"

"ಅದಕ್ಕೂ ಸರ್ಕಾರಿ ಕೆಲಸ ಅಮ್ಮಾ, ಹೊರಲಿ ಬಿಡಿ," ಎಂದಳು ಅಕ್ಕ. "ನಮ್ಮನೆಯವರು ಬಸ್ ಓಡಿಸ್ತಿದ್ರು. ನಾನು ಹತ್ತಿದ್ರೆ ಬಸ್ಸು ಒಂದ್ಕಡೆ ವಾಲುತ್ತೆ ಅಂತಿದ್ರು."

ವಾರ್ಡಿನಲ್ಲಿ ನಗು ಹರಡಿತು. ನಗದೆ ಇದ್ದವಳು ಹೊಸ ನರ್ಸು ಒಬ್ಬಳೇ. ತೊಂಬತ್ತರಲ್ಲಿ ಎಪ್ಪತ್ತೊಂಬತ್ತು ಕಳೆದರೆ ಹನ್ನೊಂದು. ಟ್ರೇಯಲ್ಲಿದ್ದ ಸಿರಿಂಜಿನಲ್ಲಿ ಹದಿನಾಲ್ಕು ಕೆಜಿಯ ಮಗುವಿನ ಔಷಧವಿತ್ತು.

ಅಕ್ಕ ಆ ಟ್ರೇ ತೆಗೆದುಕೊಂಡಳು. "ಇದನ್ನ ಚೆಲ್ಲು. ತೂಕ ಹನ್ನೊಂದು, ತೂಗಿ ನೋಡಿದ್ದು ಅಂತ ಬರಿ. ಡಾಕ್ಟರಿಗೆ ಫೋನ್ ಮಾಡು, ಅವರು ಹೊಸದಾಗಿ ಬರೀಲಿ."

ಅಜ್ಜಿ ನೀರು ತರಲು ಹೋದಾಗ ತಾಯಿ ಅಕ್ಕನ ತೋಳು ಹಿಡಿದಳು. ಕಣ್ಣಲ್ಲಿ ನೀರಿತ್ತು.

"ಐವತ್ತೆರಡು ನನ್ನ ಮದುವೆ ದಿನದ್ದು ಸಿಸ್ಟರ್. ಅತ್ತೆ ಪಕ್ಕದಲ್ಲೇ ಇದ್ರು... ಬಾಯಿಗೆ ಅದೇ ಬಂತು. ಈ ಮೂರು ಕೆಜಿಯಿಂದ ನನ್ನ ಮಗೂಗೆ..."

"ಏನೂ ಆಗಿಲ್ಲ ತಾಯಿ. ಔಷಧಿ ಇನ್ನೂ ಒಳಗೆ ಹೋಗಿಲ್ಲ. ನಾವು ತೂಗಬೇಕಿತ್ತು, ಬಾಯಿಮಾತಲ್ಲಿ ಕೇಳಬಾರದಿತ್ತು. ನೀನು ಒಂದು ಮಾತ್ರ ನೆನಪಿಟ್ಕೋ. ಇಲ್ಲಿ ನಾವು ಏನು ಕೇಳಿದ್ರೂ ಅದು ಮಗೂಗೋಸ್ಕರ. ಯಾರಾದ್ರೂ ಪಕ್ಕದಲ್ಲಿದ್ದು ಹೇಳೋಕಾಗದೆ ಇದ್ರೆ, ಕಿವೀಲಿ ಹೇಳು."

ಇಪ್ಪತ್ತು ನಿಮಿಷದಲ್ಲಿ ಹೊಸ ಪ್ರಮಾಣ ಬಂತು. ಮತ್ತೆ ಇಬ್ಬರೂ ಬೇರೆಬೇರೆ ಲೆಕ್ಕ ಮಾಡಿದರು, ಮತ್ತೆ ಟಕ್ ಟಕ್ ಕೇಳಿಸಿತು. ಈ ಸಲ ನಿಧಾನವಾಗಿ. ಔಷಧ ಹನಿಹನಿಯಾಗಿ ಮಗುವಿನ ನರಕ್ಕೆ ಇಳಿಯಿತು. ಹುಡುಗಿ ಗಡಿಯಾರವನ್ನು ಕಿವಿಗೆ ಒತ್ತಿಕೊಂಡೇ ನಿದ್ದೆಹೋದಳು.

ಔಷಧಿ ಕೋಣೆಯ ಕಪಾಟಿನಿಂದ ಅಕ್ಕ ಒಂದು ಹಳೆಯ ಪುಸ್ತಕ ತೆಗೆದು ಮುಂದಿಟ್ಟಳು. ಆದ, ಆಗಬಹುದಾಗಿದ್ದ ತಪ್ಪುಗಳನ್ನು ಬರೆದಿಡುವ ಪುಸ್ತಕ.

"ನನ್ನ ಹೆಸರು ಬರೀಬೇಕಾ ಅಕ್ಕಾ?" ಹೊಸ ನರ್ಸಿನ ಚುರುಕೆಲ್ಲ ಇಳಿದಿತ್ತು.

"ಹೆಸರು ಬೇಡ. ಹೇಗಾಯ್ತು ಅಂತ ಬರಿ, ನಾಳೆ ಬರೋರಿಗೆ ಗೊತ್ತಾಗ್ಲಿ. ಮೊದಲ ಪುಟ ಓದು, ಪ್ಲಾಸ್ಟರ್ ಕಾಲಿನ ಕಥೆ ಇದೆ. ಅದ್ರಲ್ಲೂ ಹೆಸರಿಲ್ಲ."

ಅವಳು ಓದಿ ತಲೆ ಎತ್ತಿದಳು. ಆ ಅಕ್ಷರ ಯಾರದೆಂದು ಅವಳಿಗೆ ಗೊತ್ತಾಯಿತು. ಪೆನ್ನು ತೆಗೆದುಕೊಂಡಳು.

ಅಷ್ಟರಲ್ಲಿ ನೀರಿನ ಬಾಟಲಿ ಹಿಡಿದ ಅಜ್ಜಿ ಬಾಗಿಲಿಗೆ ಬಂದರು. ಆಚೀಚೆ ನೋಡಿ ಗುಟ್ಟಿನ ದನಿಯಲ್ಲಿ ಅಂದರು:

"ಸಿಸ್ಟರಮ್ಮಾ, ನನ್ನದೂ ಒಂದ್ಸಲ ನೋಡ್ತೀರಾ? ಬಿಪಿ ಮಾತ್ರೆ ತಗೋತೀನಿ ನೋಡಿ... ಆದ್ರೆ ಗಟ್ಟಿಯಾಗಿ ಓದ್ಬೇಡಿ. ನಮ್ಮ ಸೊಸೆಗೆ ಕೇಳ್ಸಿದ್ರೆ ಮರ್ಯಾದೆ ಹೋಗುತ್ತೆ. ನಾನೇನು ಮೊದಲಿಂದ ಹೀಗಿರ್ಲಿಲ್ಲ, ಮದುವೇಲಿ ನಾನು ಬರೀ..."

ವಾರ್ಡಿನ ಆಚೆ ಬಾಗಿಲಲ್ಲಿ ಒಬ್ಬ ಅಪ್ಪ ಕಂಬಳಿಯಲ್ಲಿ ಸುತ್ತಿದ ಮಗುವನ್ನು ಹೊತ್ತು, ಯಾರನ್ನು ಕೇಳುವುದೆಂದು ತಿಳಿಯದೆ ನಿಂತಿದ್ದ.

"ಎಷ್ಟಿದ್ದೆ ಗೊತ್ತಾ ಸಿಸ್ಟರಮ್ಮಾ..." ಅಜ್ಜಿ ಹೇಳುತ್ತಲೇ ಇದ್ದರು. ಅಕ್ಕ ಆಗಲೇ ಎರಡೂ ಕೈ ಚಾಚಿಕೊಂಡು ಆ ಬಾಗಿಲ ಕಡೆ ನಡೆದಿದ್ದಳು.