ಟೇಪಣ್ಣನ ಎರಡನೇ ಗುಂಡಿ

ಅವನನ್ನು ಹೆಸರು ಹಿಡಿದು ಕರೆದವರನ್ನು ನಾನಂತೂ ಕಾಣೆ. ಹೆಂಡತಿಯೊಬ್ಬಳನ್ನು ಬಿಟ್ಟರೆ ಎಲ್ಲರಿಗೂ ಅವನು ಟೇಪಣ್ಣ. ಕಾಡಿನ ಅಂಚಿನ ಸಂಶೋಧನಾ ಕೇಂದ್ರದಲ್ಲಿ ಮರ ಅಳೆಯುವ ಕೆಲಸ. ಗುಡ್ಡದ ಮೇಲೆ ನಾನೂರು ಮರ, ಒಂದೊಂದಕ್ಕೂ ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ವರ್ಷಕ್ಕೊಮ್ಮೆ ಎದೆಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆಯಬೇಕು. ಎಷ್ಟು ಮರ ಕಡಿಯಬಹುದು, ಕೆಳಗಿನ ಹೊಲಗಳಿಗೆ ನೀರು ಎಷ್ಟು ಇಳಿದೀತು, ಹಕ್ಕಿಗಳಿಗೆ ಪೊಟರೆ ಉಳಿದೀತೇ, ಇವೆಲ್ಲ ಆ ಅಂಕಿಗಳ ಮೇಲೆ ನಿಂತಿದ್ದವು. ಮೂವತ್ತೊಂದು ವರ್ಷ ಅಳೆದ. ಜ್ವರ ಬಂದ ವರ್ಷವೂ ತಪ್ಪಿಸಲಿಲ್ಲ.

ಎದೆಮಟ್ಟ ಅಂದರೆ ಯಾರ ಎದೆ? ಕೆಲಸಕ್ಕೆ ಸೇರಿದ ದಿನ ಅವನೇ ಕೇಳಿದ್ದ. ಕೇಂದ್ರ ಕಟ್ಟಿದ ಪ್ರೊಫೆಸರು ನಕ್ಕು, ಅವನನ್ನು ಗೋಡೆಗೆ ನಿಲ್ಲಿಸಿ ಅಳೆದರು. ನೆಲದಿಂದ ಒಂದು ಮೀಟರು ಮೂವತ್ತು ಸೆಂಟಿಮೀಟರು. ಸರಿಯಾಗಿ ಅಂಗಿಯ ಎರಡನೇ ಗುಂಡಿ.

“ಕೋಲು ಹೊತ್ಕೊಂಡು ಯಾಕಪ್ಪ ತಿರುಗ್ತೀಯ, ನೀನೇ ಕೋಲು,” ಅಂದರು.

ಶಾಲೆ ಅರ್ಧಕ್ಕೆ ಬಿಟ್ಟವನಿಗೆ ಆ ಮಾತೇ ಡಿಗ್ರಿಯಾಯಿತು. ಗುಡ್ಡದ ಮರಗಳದು ತೊಗಟೆ ಉದುರಿಸುವ ಜಾತಿ. ಬಳಿದ ಬಣ್ಣದ ಗೆರೆ ವರ್ಷ ತುಂಬುವುದರೊಳಗೆ ನೆಲಕ್ಕೆ ಬಿದ್ದಿರುತ್ತಿತ್ತು. ಹಾಗಾಗಿ ಪ್ರತಿ ಸಲವೂ ಮರಕ್ಕೆ ಎದೆಯೊತ್ತಿ ನಿಂತು, ಗುಂಡಿ ತಾಗಿದಲ್ಲಿ ಹೊಸ ಗೆರೆ ಎಳೆದು ಅಳೆಯುತ್ತಿದ್ದ. ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಬಂದ ಗಿರಾಕಿಗಳ ಮುಂದೆಲ್ಲ ಅವಳದೊಂದೇ ದೂರು. “ನಾನೂರು ಸವತಿಯರ ಅಳತೆ ಇವರಿಗೆ ಬಾಯಿಪಾಠ. ನನ್ನ ಚಪ್ಪಲಿ ಅಳತೆ ಕೇಳಿ ನೋಡಿ, ಆಕಾಶ ನೋಡ್ತಾರೆ.”

ಪ್ರೊಫೆಸರು ತೀರಿಕೊಂಡರು. ಬೇರೆಯವರು ಬಂದರು, ಟೇಪಣ್ಣನ ಅಳತೆ ಪುಸ್ತಕ ನೋಡಿ ವರದಿ ಬರೆದರು, ಹೋದರು. ಕೊನೆಗೆ ಅರಣ್ಯ ಕಚೇರಿ ಅದೇ ಪುಸ್ತಕ ಹಿಡಿದು, ಮರಗಳು ಸೊಗಸಾಗಿ ಬೆಳೆಯುತ್ತಿವೆ, ಮುಕ್ಕಾಲು ಪಾಲು ಕಡಿದರೂ ಗುಡ್ಡ ತಾಳಿಕೊಳ್ಳುತ್ತದೆ ಎಂದು ತೀರ್ಮಾನಿಸಿತು. ಟೇಪಣ್ಣನಿಗೆ ಅದು ಒಪ್ಪಿಗೆಯಾಗಲಿಲ್ಲ. ಆದರೆ ತಾನು ಬರೆದ ಅಂಕಿಯನ್ನು ತಾನೇ ಹೇಗೆ ಅಲ್ಲಗಳೆಯುವುದು?

ಕಡಿತಕ್ಕೆ ಐದು ದಿನ ಇರುವಾಗ ಕೇಂದ್ರಕ್ಕೆ ಹೊಸ ಸಂಶೋಧಕಿ ಬಂದಳು. ಕೈಯಲ್ಲಿ ಒಂದು ಮೀಟರು ಮೂವತ್ತರ ಅಲ್ಯೂಮಿನಿಯಂ ಕೋಲು. ಮೊದಲ ಮರಕ್ಕೇ ಅದನ್ನು ಆನಿಸಿ ನಿಂತುಬಿಟ್ಟಳು.

“ಟೇಪಣ್ಣ, ನಿಮ್ಮ ಗೆರೆ ನಾಲ್ಕು ಬೆರಳು ಕೆಳಗಿದೆಯಲ್ಲ.”

“ನಿಮ್ಮ ಕೋಲು ಉದ್ದ ಇರಬೇಕು ಮೇಡಂ.”

ಹತ್ತು ಮರ ನೋಡಿದರು. ಹತ್ತರಲ್ಲೂ ನಾಲ್ಕು ಬೆರಳು. ಆಮೇಲೆ ಅವನೇ ಕೋಲಿನ ಪಕ್ಕ ನೆಟ್ಟಗೆ ನಿಂತ, ಅಂದರೆ ನೆಟ್ಟಗೆ ನಿಂತೆ ಅಂದುಕೊಂಡ. ಎರಡನೇ ಗುಂಡಿ ಕೋಲಿನ ತುದಿಗಿಂತ ನಾಲ್ಕು ಬೆರಳು ಕೆಳಗಿತ್ತು. ಮರ ಬುಡದ ಕಡೆ ಹೋದಷ್ಟೂ ದಪ್ಪ. ಅಳೆಯುವವನು ಬಾಗುತ್ತ ಗೆರೆ ಇಳಿಯುತ್ತ ಹೋದರೆ, ಬೆಳೆಯದೆ ನಿಂತ ಮರವೂ ಪುಸ್ತಕದಲ್ಲಿ ಬೆಳೆಯುತ್ತದೆ.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡಲಿಲ್ಲ. “ಏ, ನಾನು ಕುಗ್ಗಿದೀನೇನೇ?”

ಹೊಲಿಗೆ ಯಂತ್ರ ನಿಂತಿತು. “ಇವತ್ತು ಯಾಕೆ ಆ ಮಾತು?”

“ಕೇಳಿದ್ದಕ್ಕೆ ಹೇಳು.”

“ಹದಿನೈದು ವರ್ಷದಿಂದ ನಿಮ್ಮ ಅಂಗಿ ಮುಂದಿನ ಭಾಗ ಗಿಡ್ಡ ಮಾಡಿ ಹೊಲೀತಿದೀನಿ ರೀ. ಬಾಗಿದ್ದು ಕಾಣಬಾರದು ಅಂತ.”

“ಒಂದು ಮಾತು ಹೇಳಬಾರದಿತ್ತಾ?”

“ನೀವು ಮುದುಕರಾದ್ರಿ ಅಂತ ಯಾವ ಬಾಯಲ್ಲಿ ಹೇಳಲಿ? ಅದರಲ್ಲಿ ಮರದ ವಿಷಯ ಇದೆ ಅಂತ ನಾನೇನು ಕನಸು ಕಂಡಿದ್ನಾ?”

ಅವನಿಗೆ ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಬಾಗಿಲ ಪಕ್ಕ ಕೂತ. ಅವಳು ಹೊಲಿಯುತ್ತಿದ್ದ ಬಟ್ಟೆಯನ್ನು ಹಾಗೇ ಸೂಜಿಯ ಕೆಳಗೆ ಬಿಟ್ಟು ಎದುರಿಗೆ ಬಂದು ಕೂತಳು.

ಮಾರನೆಯ ದಿನ ಅವನೂ ಸಂಶೋಧಕಿಯೂ ಅರಣ್ಯಾಧಿಕಾರಿಯ ಮುಂದೆ ನಿಂತರು. ಆತ ಕೆಟ್ಟವನಲ್ಲ. “ಬೆಳೀತಿದೆ ಅಂತ ಮೂವತ್ತು ವರ್ಷ ಹೇಳಿದವನೂ ನೀನೇ, ಇಲ್ಲ ಅನ್ನೋನೂ ನೀನೇ. ನಾನು ಯಾವ ಟೇಪಣ್ಣನ್ನ ನಂಬಲಿ?”

“ಬಗ್ಗಿರೋ ಟೇಪಣ್ಣನ್ನ ನಂಬಿ ಸ್ವಾಮಿ.”

ಅಧಿಕಾರಿಗೆ ರುಜುವಾತು ಬೇಕು. ರುಜುವಾತು ಇದ್ದದ್ದು ಮರದೊಳಗೆ ವರ್ಷಕ್ಕೊಂದರಂತೆ ಮೂಡುವ ಬಳೆಗಳಲ್ಲಿ; ಬೆಳವಣಿಗೆ ಕುಂದಿದ ವರ್ಷದ ಬಳೆ ಕಿರಿದು. ಮರ ಕಡಿಯದೆ ಕೊರೆದು ನೋಡುವ ಸಾಧನ ದೂರದ ನಗರದಿಂದ ಬರಲು ಎರಡು ವಾರ. ಗುತ್ತಿಗೆ ಸೋಮವಾರದಿಂದ.

ಸೋಮವಾರ ಗರಗಸ ಶುರುವಾಯಿತು. ಮುಂದೆ ಮುಂದೆ ಕಡಿಯುವವರು, ಹಿಂದೆ ಹಿಂದೆ ಇವರಿಬ್ಬರು. ಹಸಿ ಬೊಡ್ಡೆಯನ್ನು ಮರಳು ಕಾಗದದಿಂದ ಉಜ್ಜುವುದು, ಭೂತಗನ್ನಡಿ ಹಿಡಿದು ಗುಂಡುಸೂಜಿಯಿಂದ ಬಳೆ ಎಣಿಸುವುದು. ಒಂದು ಮರ ಉರುಳಿದಾಗಲೆಲ್ಲ ಅವನು ಬಿಲ್ಲೆ ನೋಡದೆಯೇ ನಂಬರು ಹೇಳುತ್ತಿದ್ದ. ಅರವತ್ತು ಬೊಡ್ಡೆಯ ಲೆಕ್ಕ ಕಚೇರಿಗೆ ಹೋಗಿ, ನಿಲ್ಲಿಸಿ ಎಂಬ ಆದೇಶ ಬಂದಾಗ ಶನಿವಾರ. ನೂರ ಅರವತ್ತಮೂರು ಮರ ಮಲಗಿದ್ದವು.

ಉಳಿದವು ಉಳಿದವು. “ನಿಜ ಒಪ್ಪಿಕೊಂಡು ಗುಡ್ಡ ಉಳಿಸಿದೆಯಲ್ಲೋ ಮಾರಾಯ,” ಎಂದು ಜನ ಬೆನ್ನು ತಟ್ಟಿದರು. ನಾನೂ ತಟ್ಟಿದವನೇ. ಅವನು ಬೇರೆ ಕಡೆ ನೋಡಿದ.

ಆಮೇಲೂ ದಿನಾ ಬೊಡ್ಡೆಗಳ ಹತ್ತಿರ ಹೋಗುತ್ತಿದ್ದ. ಹಳೆಯ ಪುಸ್ತಕಗಳನ್ನು ತಿದ್ದಲು ಎಲ್ಲದರ ಬಳೆಯೂ ಬೇಕು ಎಂದಿದ್ದಳು ಸಂಶೋಧಕಿ. ಒಂದು ಮಧ್ಯಾಹ್ನ ಊಟ ತಂದ ಹೆಂಡತಿಗೆ ಇನ್ನೂರ ಹನ್ನೆರಡನೇ ನಂಬರಿನ ಬೊಡ್ಡೆಯ ಅಂಚನ್ನು ತೋರಿಸಿದ. ಒಳಗಿನ ಬಳೆಗಳು ಬೆರಳಗಲ. ಅಂಚಿನ ಹದಿನೈದು ಒಂದಕ್ಕೊಂದು ಅಂಟಿಕೊಂಡು, ನಡುವೆ ಸೂಜಿ ಇಡಲೂ ಜಾಗವಿರಲಿಲ್ಲ.

“ಹದಿನೈದು ವರ್ಷದಿಂದ ಇದು ಸೊರಗ್ತಾ ಇತ್ತು ಕಣೆ. ವರ್ಷಾ ವರ್ಷಾ ಬಂದು ಮುಟ್ಟಿ ನೋಡಿ, ಚೆನ್ನಾಗಿದೆ ಅಂತ ಬರ್ಕೊಂಡು ಹೋದೆ. ಎಷ್ಟು ಕಾದಿತ್ತೋ ಏನೋ, ಯಾರಾದರೂ ಕಾಣ್ತಾರೆ ಅಂತ.”

ಅವಳು ಊಟದ ಡಬ್ಬಿ ಕೆಳಗಿಟ್ಟಳು. ಮುಚ್ಚಳ ತೆಗೆಯಲಿಲ್ಲ.